ಮೈಗೆ ತುಕ್ಕಿಲ್ಲ, ಎಲುಬಿಗಿದೆ: ಹಳೆಯ ಕಾರ್ವೆಟ್ಟನ್ನು ಮನೆಯಲ್ಲೇ ದುರಸ್ತಿ ಮಾಡುವ ಬಗೆ

ಅಮೆರಿಕದ ಸ್ಪೋರ್ಟ್ಸ್ ಕಾರು ಷೆವರ್ಲೆ ಕಾರ್ವೆಟ್‌ನ ಹಳೆಯದೊಂದನ್ನು ನೋಡಲು ಹೋದವರು ಮಾಡುವ ಮೊದಲ ತಪ್ಪು ಎಂದರೆ, ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ "ಎಲ್ಲೂ ತುಕ್ಕಿಲ್ಲ" ಎಂದು ಹಿಗ್ಗುವುದು. ತುಕ್ಕು ಎಲ್ಲಿಂದ ಬರಬೇಕು? 1953ರಲ್ಲಿ ಮಿಶಿಗನ್ನಿನ ಫ್ಲಿಂಟ್ ಊರಿನಲ್ಲಿ ತಯಾರಾದ ಮೊದಲ ಮುನ್ನೂರು ಕಾರುಗಳಿಂದಲೇ ಇದರ ಹೊರಮೈ ಗಾಜಿನ ನಾರು ಮತ್ತು ರಾಳ ಸೇರಿದ ಫೈಬರ್. ಕಬ್ಬಿಣ ಇರುವುದು ಒಳಗೆ, ಅಂದರೆ ಕೆಳಗಿನ ಚಾಸಿಯಲ್ಲಿ ಮತ್ತು ಕೂರುವ ಜಾಗದ ಸುತ್ತಲಿನ ಉಕ್ಕಿನ ಚೌಕಟ್ಟಿನಲ್ಲಿ. ಈ ಚೌಕಟ್ಟಿಗೆ ಅಮೆರಿಕದವರು ಹಕ್ಕಿಪಂಜರ ಎನ್ನುತ್ತಾರೆ. ಪಂಜರ ಕೊಳೆತಿದ್ದರೂ ಮೇಲಿನ ಮೈ ಮದುಮಗನಂತೆ ಹೊಳೆಯುತ್ತಿರಬಹುದು.

ಆ ತಪ್ಪನ್ನು ನಾನೂ ಮಾಡಿದೆ. ಡೆಟ್ರಾಯಿಟ್ ಬಳಿಯ ನನ್ನ ಮನೆಯ ಗ್ಯಾರೇಜಿನಲ್ಲಿ ಈಗ ನಿಂತಿರುವುದು 1977ರ ಕಾರು. 1968ರಿಂದ 1982ರವರೆಗೆ ಬಂದ ಮೂರನೆಯ ತಲೆಮಾರಿನದು, ಇಲ್ಲಿ ಎಲ್ಲರೂ ಸಿ3 ಎಂದು ಕರೆಯುವಂಥದು. ಹಿಂದಿನ ಮಾಲೀಕರ ಕೊಟ್ಟಿಗೆಯಲ್ಲಿ ಒಂಬತ್ತು ವರ್ಷ ಮಲಗಿತ್ತು. 1977ರಲ್ಲಿ ಇಂಥವು 49,213 ತಯಾರಾದವು. ಐದು ಲಕ್ಷನೆಯ ಕಾರ್ವೆಟ್ ಹೊರಬಂದದ್ದೂ ಅದೇ ವರ್ಷದ ಮಾರ್ಚ್‌ನಲ್ಲಿ. ಹಾಗಾಗಿ ನನ್ನದು ಅಪರೂಪದ ರತ್ನವೇನಲ್ಲ. ಮನೆಯಲ್ಲಿ ಕಲಿಯುವವರಿಗೆ ಇದೇ ಒಳ್ಳೆಯದು. ಬಿಡಿಭಾಗಗಳು ಹೆಚ್ಚುಕಡಿಮೆ ಎಲ್ಲವೂ ಹೊಸದಾಗಿ ಸಿಗುತ್ತವೆ, ಕೈ ತಪ್ಪಿದರೆ ಇತಿಹಾಸವನ್ನು ಹಾಳುಮಾಡಿದ ಪಾಪವೂ ತಗಲುವುದಿಲ್ಲ.

ನನ್ನ ಸೋದರಮಾವನಿಗೆ ಹುಬ್ಬಳ್ಳಿಯಲ್ಲಿ ಗ್ಯಾರೇಜ್ ಇತ್ತು. ಬೇಸಿಗೆ ರಜೆಯಲ್ಲಿ ಅಲ್ಲಿ ಅಂಬಾಸಿಡರ್ ಕಾರುಗಳ ಕೆಳಗೆ ಪಾನಾ ಹಿಡಿದು ಮಲಗಿದ್ದೇ ನನ್ನ ತರಬೇತಿ. ಕಾರು ಕೊಂಡ ದಿನ ಫೋನ್ ಮಾಡಿದಾಗ ಮಾವ ಕೇಳಿದ್ದು ಒಂದೇ ಪ್ರಶ್ನೆ: "ನಿಲ್ಲುತ್ತದೆಯೋ?" ಓಡುತ್ತದೆಯೋ ಎಂದಲ್ಲ. ಕೆಳಗಿನ ಕ್ರಮ ಆ ಪ್ರಶ್ನೆಯಿಂದ ಹುಟ್ಟಿದ್ದು: ಮೊದಲು ಎಲುಬು, ಆಮೇಲೆ ಬ್ರೇಕು, ಆಮೇಲೆ ಎಂಜಿನ್, ಕಟ್ಟಕಡೆಗೆ ಬಣ್ಣ. ಬಹಳ ಮಂದಿ ಇದನ್ನು ತಿರುವುಮುರುವು ಮಾಡುತ್ತಾರೆ. ಅರ್ಧಕ್ಕೆ ಬಿಟ್ಟು ಮಾರಾಟಕ್ಕಿಟ್ಟ, ಹೊಸ ಬಣ್ಣದ, ಓಡದ ಕಾರುಗಳು ಹೇರಳವಾಗಿ ಸಿಗುವುದು ಅದಕ್ಕೇ.

ಕೊಳ್ಳುವ ಮೊದಲು: ಸುತ್ತಿಗೆ, ಟಾರ್ಚ್, ಹಳೆಯ ಬಟ್ಟೆ

ಮೂರು ಜಾಗ ನೋಡಿ. ಮೊದಲನೆಯದು ಮುಂದಿನ ಗಾಜಿನ ಸುತ್ತಲಿನ ಚೌಕಟ್ಟು. ಒಳಗಿನ ಪ್ಲಾಸ್ಟಿಕ್ ಪಟ್ಟಿಗಳನ್ನು ನಾಲ್ಕಾರು ಸ್ಕ್ರೂ ಬಿಚ್ಚಿ ತೆಗೆದರೆ ಕಂಬದ ಉಕ್ಕು ಕಾಣುತ್ತದೆ. ಗಾಜಿನ ಕೆಳಮೂಲೆಗಳಲ್ಲಿ ಕಂದು ಪುಡಿ ಉದುರಿದರೆ ಎಚ್ಚರ. ಎರಡನೆಯದು ಕಾಲಿಡುವ ಜಾಗದ ಪಕ್ಕದ ಹಲಗೆ. ಅದನ್ನು ಬಿಚ್ಚಿ, ಬಾಗಿಲ ಕಂಬದ ಬುಡಕ್ಕೆ ಟಾರ್ಚ್ ಹಾಕಿ. ಮೈಯನ್ನು ಚಾಸಿಗೆ ಕಟ್ಟಿದ ಬೋಲ್ಟುಗಳ ಆಸುಪಾಸು ಅಲ್ಲಿ ತಿಳಿಯುತ್ತದೆ. ಮೂರನೆಯದು ಹಿಂದಿನ ಚಕ್ರಗಳ ಸ್ವಲ್ಪ ಮುಂದೆ ಚಾಸಿ ಮೇಲಕ್ಕೆ ಬಾಗುವ ಜಾಗ. ಕಾರಿನ ಕೆಳಗೆ ಮಲಗಿ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಉಕ್ಕು ಗಂಟೆಯಂತೆ ಟಣ್ ಎನ್ನುತ್ತದೆ, ಕೊಳೆತದ್ದು ಒದ್ದೆ ಹಲಗೆಯಂತೆ ದಬ್ ಎನ್ನುತ್ತದೆ. ಕಿವಿಗೆ ಅನುಮಾನ ಬಂದಲ್ಲಿ ಸ್ಕ್ರೂಡ್ರೈವರ್ ಊರಿ ನೋಡಿ.

ಪಂಜರಕ್ಕೆ ನೀರು ಬರುವುದು ಮೇಲಿನಿಂದ. 1968ರಿಂದ ಕೂಪೆ ಕಾರುಗಳ ಚಾವಣಿ ಎರಡು ತುಂಡುಗಳಾಗಿ ಬಿಚ್ಚಿ ತೆಗೆಯುವಂಥದು. ಅದರ ಸುತ್ತಲಿನ ರಬ್ಬರ್ ಗಟ್ಟಿಯಾದ ಮೇಲೆ ಪ್ರತಿ ಮಳೆಯೂ ಕಂಬದೊಳಗೆ ಇಳಿಯುತ್ತದೆ. ಆದ್ದರಿಂದ ಕಾಲಡಿಯ ಕಾರ್ಪೆಟ್ ಎತ್ತಿ ಮೂಸಿ ನೋಡಿ. ಹಸಿ ವಾಸನೆ ಸುಳ್ಳು ಹೇಳುವುದಿಲ್ಲ.

ಕಾಗದದ ಕೆಲಸವನ್ನೂ ಇಲ್ಲೇ ಮುಗಿಸಿ. ಗುರುತಿನ ಸಂಖ್ಯೆ ಚಾಲಕನ ಬದಿಯ ಗಾಜಿನ ಮೂಲಕ ಕಾಣುತ್ತದೆ. 1977ರದ್ದಾದರೆ ಅದರ ಐದನೆಯ ಅಕ್ಷರ ಎಲ್ ಇದ್ದರೆ 180 ಅಶ್ವಶಕ್ತಿಯ ಸಾಮಾನ್ಯ ಎಂಜಿನ್, ಎಕ್ಸ್ ಇದ್ದರೆ 210ರ, ಎಲ್82 ಎಂಬ ಹೆಚ್ಚು ಶಕ್ತಿಯ ಎಂಜಿನ್. ಬಲಬದಿಯ ಸಿಲಿಂಡರ್ ಹೆಡ್ಡಿನ ಮುಂದೆ ಬ್ಲಾಕಿನ ಮೇಲೆ ಕೆತ್ತಿದ ಸಂಖ್ಯೆಯೊಂದಿಗೆ ಅದನ್ನು ಹೋಲಿಸಿ. ಹೊಂದದಿದ್ದರೆ ಕಾರು ಕೆಟ್ಟದ್ದೆಂದಲ್ಲ, ಬೆಲೆ ಇಳಿಯಬೇಕು ಎಂದಷ್ಟೇ ಅರ್ಥ. ಮುಂದೆ ಎಂದಾದರೂ ಪೆಟ್ರೋಲ್ ಟ್ಯಾಂಕ್ ಇಳಿಸಿದಾಗ ಅದರ ಮೇಲ್ಮೈ ಉಜ್ಜುವ ಮೊದಲು ನಿಧಾನವಾಗಿ ನೋಡಿ. ಕಾರ್ಖಾನೆಯಲ್ಲಿ ಈ ಕಾರಿಗೆ ಏನೇನು ಹಾಕಿದರು ಎಂಬ ಪಟ್ಟಿಯ ಕಾಗದ ಅಲ್ಲಿ ಅಂಟಿಕೊಂಡಿರುವ ಸಾಧ್ಯತೆ ಇದೆ.

ಎತ್ತಿ ನಿಲ್ಲಿಸುವುದು

ಜಾಕ್ ಯಾವತ್ತೂ ಚಾಸಿಗೆ ಮಾತ್ರ. ಫೈಬರಿಗೆ ಕೊಟ್ಟರೆ ಒಂದೇ ಸಲಕ್ಕೆ ಚಟ್ ಎನ್ನುತ್ತದೆ. ಮುಂದಿನ ಚಕ್ರದ ಹಿಂದೆ ಮತ್ತು ಹಿಂದಿನ ಚಕ್ರದ ಮುಂದೆ ಚಾಸಿಯ ಕೆಳಗೆ ಮರದ ತುಂಡು ಇಟ್ಟು ಎತ್ತಿ, ಉಕ್ಕಿನ ಸ್ಟ್ಯಾಂಡುಗಳ ಮೇಲೆ ಕೂರಿಸಿ, ಕೈಯಿಂದ ಜೋರಾಗಿ ಅಲ್ಲಾಡಿಸಿ ನೋಡಿದ ಮೇಲೆಯೇ ಕೆಳಗೆ ಹೋಗಿ. ಊರಲ್ಲಿ ನಾವು ಇಟ್ಟಿಗೆ ಜೋಡಿಸಿ ಕೆಲಸ ಮಾಡಿದ್ದೇವೆ. ಬದುಕಿದ್ದು ಅದೃಷ್ಟ, ಅದನ್ನು ಪದ್ಧತಿ ಎಂದುಕೊಳ್ಳಬೇಡಿ.

ಪಾನಾಗಳು ಇಂಚಿನ ಅಳತೆಯವು ಬೇಕು. ಅರ್ಧ ಇಂಚು, 9/16, 5/8 ಈ ಮೂರು ಸದಾ ಕೈಯಲ್ಲಿರುತ್ತವೆ. "ಹತ್ತಿರ ಇದೆಯಲ್ಲ" ಎಂದು ಮಿಲಿಮೀಟರ್ ಪಾನಾ ಹಾಕಿದರೆ ತುಕ್ಕು ಹಿಡಿದ ಬೋಲ್ಟಿನ ಮೂಲೆ ಸವೆದು ಗುಂಡಗಾಗುತ್ತದೆ, ಆಮೇಲೆ ಒಂದು ಶನಿವಾರ ಪೂರ್ತಿ ಅದರೊಂದಿಗೇ ಕಳೆಯಬೇಕು. ಬಿಚ್ಚುವ ಹಿಂದಿನ ದಿನವೇ ತುಕ್ಕು ಸಡಿಲಿಸುವ ಎಣ್ಣೆ ಬಿಡಿ. ಪ್ರತಿ ಭಾಗ ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆಯಿರಿ, ನಟ್ಟು ಬೋಲ್ಟುಗಳನ್ನು ಹೆಸರು ಬರೆದ ಪೊಟ್ಟಣಕ್ಕೆ ಹಾಕಿ. ತೆಗೆದ ಮೂಲ ಭಾಗ ಎಷ್ಟೇ ಕೆಟ್ಟಿರಲಿ, ಹೊಸದನ್ನು ಪಕ್ಕದಲ್ಲಿಟ್ಟು ಹೋಲಿಸುವವರೆಗೆ ಎಸೆಯಬೇಡಿ.

ಬ್ರೇಕ್: ಇಲ್ಲಿ ಅವಸರ ಬೇಡ

1965ರಿಂದ 1982ರವರೆಗೆ ಕಾರ್ವೆಟ್‌ನ ಬ್ರೇಕ್ ವ್ಯವಸ್ಥೆಯ ಮೂಲ ವಿನ್ಯಾಸ ಒಂದೇ: ನಾಲ್ಕೂ ಚಕ್ರಕ್ಕೆ ಡಿಸ್ಕ್, ಡಿಸ್ಕನ್ನು ಅದುಮಿ ಹಿಡಿಯುವ ಇಕ್ಕಳದಂಥ ಪ್ರತಿ ಕ್ಯಾಲಿಪರಿನಲ್ಲಿ ನಾಲ್ಕು ಪಿಸ್ಟನ್. ಆ ಕಾಲಕ್ಕೆ ಅದ್ಭುತ. ನಿಂತ ಕಾರಿನಲ್ಲಿ ಮಾತ್ರ ಇದೊಂದು ತಲೆನೋವು. ಬ್ರೇಕ್ ಆಯಿಲ್ ಗಾಳಿಯಿಂದ ನೀರು ಹೀರುತ್ತದೆ, ಆ ನೀರು ಎರಕದ ಕಬ್ಬಿಣದ ಒಳಗೋಡೆಯಲ್ಲಿ ಚುಕ್ಕೆ ಚುಕ್ಕೆಯಾಗಿ ತುಕ್ಕು ಹಿಡಿಸುತ್ತದೆ, ಸೀಲಿನ ತುಟಿ ಆ ಗುಳಿಯ ಮೇಲೆ ಹಾದಾಗ ಸೋರುತ್ತದೆ. ಹೊಸ ಸೀಲ್ ಹಾಕಿದರೆ ಮೂರು ತಿಂಗಳು ಬರುತ್ತದೆ. ನಾನು ಹಾಗೆ ಮಾಡಿ ಮತ್ತೆ ಮೊದಲಿನಿಂದ ಶುರು ಮಾಡಿದೆ. ಒಳಗೆ ಸ್ಟೇನ್‌ಲೆಸ್ ಸ್ಟೀಲ್ ತೋಳು ಕೂರಿಸಿದ ಕ್ಯಾಲಿಪರುಗಳನ್ನು ಹಳೆಯದಕ್ಕೆ ಬದಲಾಗಿ ಕೊಡುವವರಿದ್ದಾರೆ. ನಾಲ್ಕನ್ನೂ ಒಮ್ಮೆಗೇ ಬದಲಾಯಿಸಿ. ಜೊತೆಗೆ ನಾಲ್ಕು ರಬ್ಬರ್ ಹೋಸುಗಳು, ಮಾಸ್ಟರ್ ಸಿಲಿಂಡರ್, ತುಕ್ಕು ಕಂಡ ಉಕ್ಕಿನ ಕೊಳವೆಗಳು. ಇಲ್ಲಿ ಹಣ ಉಳಿಸಬೇಡಿ; ಉಳಿಸಬೇಕೆಂದಿದ್ದರೆ ಸೀಟಿನ ಕವರಿನಲ್ಲಿ ಉಳಿಸಿ.

ಇನ್ನೊಂದು ವಿಚಿತ್ರ ರೋಗ ಇದೆ, ಗೊತ್ತಿಲ್ಲದವರನ್ನು ಅದು ಹುಚ್ಚು ಹಿಡಿಸುತ್ತದೆ. ಎಲ್ಲ ಹೊಸದು, ಎಲ್ಲೂ ಸೋರಿಕೆ ಇಲ್ಲ, ಆದರೂ ಇನ್ನೂರು ಮೈಲಿ ಓಡಿಸಿದ ಮೇಲೆ ಪೆಡಲ್ ಸ್ಪಂಜಿನಂತೆ ಮೆತ್ತಗಾಗುತ್ತದೆ. ಬ್ರೇಕ್ ಕೊಳವೆಗಳಲ್ಲಿ ಸೇರಿದ ಗಾಳಿ ತೆಗೆದರೆ ಸರಿಹೋಗಿ, ಮತ್ತೆ ಅದೇ ಕತೆ. ತಪ್ಪಿರುವುದು ಡಿಸ್ಕಿನಲ್ಲಿ. ಈ ಕ್ಯಾಲಿಪರ್ ಅಲುಗದೆ ಕೂತಿರುತ್ತದೆ, ಪಿಸ್ಟನ್ನಿನ ಹಿಂದಿನ ಸಣ್ಣ ಸ್ಪ್ರಿಂಗ್ ಪ್ಯಾಡನ್ನು ಸದಾ ಡಿಸ್ಕಿಗೆ ತಾಗಿಸಿಟ್ಟಿರುತ್ತದೆ. ಡಿಸ್ಕ್ ಸ್ವಲ್ಪ ಓಲಾಡಿದರೂ ಪಿಸ್ಟನ್ ಒಳಹೊರಗೆ ಆಡಿ, ಸೈಕಲ್ ಪಂಪಿನಂತೆ ಸೀಲಿನ ಸಂದಿಯಿಂದ ಗಾಳಿ ಎಳೆದುಕೊಳ್ಳುತ್ತದೆ. ಡಯಲ್ ಗೇಜ್ ಇಟ್ಟು ಚಕ್ರ ತಿರುಗಿಸಿ ನೋಡಿ, ಓಲಾಟ 0.005 ಇಂಚಿಗಿಂತ ಕಡಿಮೆ ಇರಬೇಕು, ಅಂದರೆ ಮಿಲಿಮೀಟರಿನ ಎಂಟನೇ ಒಂದು ಭಾಗದಷ್ಟು. ಕಾರ್ಖಾನೆಯಲ್ಲಿ ಡಿಸ್ಕನ್ನು ಹಬ್ಬಿಗೆ ರಿವೆಟ್ ಹೊಡೆದು ಒಟ್ಟಿಗೇ ಸಮ ಮಾಡುತ್ತಿದ್ದರು. ಯಾರೋ ರಿವೆಟ್ ಕೊರೆದು ತೆಗೆದು ಹೊಸ ಡಿಸ್ಕನ್ನು ಕಂಡಂತೆ ಸಿಕ್ಕಿಸಿದ್ದರೆ ಈ ಓಲಾಟ ಬರುತ್ತದೆ. ಡಿಸ್ಕನ್ನು ಒಂದೊಂದು ಬೋಲ್ಟಿನಷ್ಟು ತಿರುಗಿಸಿ ಕೂರಿಸಿ, ಪ್ರತಿ ಸಲ ಅಳೆದು, ಅತಿ ಕಡಿಮೆ ಬಂದ ಸ್ಥಾನಕ್ಕೆ ಬಣ್ಣದ ಗುರುತು ಹಾಕಿ.

ಗಾಳಿ ತೆಗೆಯುವ ಕ್ರಮ: ಬಲ ಹಿಂದೆ, ಎಡ ಹಿಂದೆ, ಬಲ ಮುಂದೆ, ಎಡ ಮುಂದೆ. ಹಿಂದಿನ ಕ್ಯಾಲಿಪರುಗಳಲ್ಲಿ ಒಳಗೊಂದು ಹೊರಗೊಂದು ಎರಡೆರಡು ತೂತುಗಳಿವೆ. ಹೊರಗಿನದಕ್ಕೆ ಚಕ್ರ ತೆಗೆಯಬೇಕು ಎಂಬ ಸೋಮಾರಿತನಕ್ಕೆ ಅದನ್ನು ಬಿಟ್ಟವರೇ ಹೆಚ್ಚು. ಬ್ರೇಕ್ ಆಯಿಲ್ ಬಣ್ಣದ ಮೇಲೆ ಬಿದ್ದರೆ ಕೂಡಲೇ ನೀರು ಸುರಿಯಿರಿ, ಇಲ್ಲದಿದ್ದರೆ ಬಣ್ಣವೇ ಕಿತ್ತುಬರುತ್ತದೆ.

ಹಿಂದಿನ ಚಕ್ರಗಳು

ಕಾರ್ವೆಟ್‌ನ ಹಿಂಭಾಗದ ಜೋಡಣೆ ನೋಡಿದರೆ ಮಾವ ನಗುತ್ತಿದ್ದರು. ನಮ್ಮ ಲಾರಿಗಳಲ್ಲಿ ಉದ್ದಕ್ಕೆ ಇರುವ ಕಮಾನು ಪಟ್ಟಿ ಇಲ್ಲಿ ಅಡ್ಡಕ್ಕೆ, ಈ ಚಕ್ರದಿಂದ ಆ ಚಕ್ರಕ್ಕೆ ಚಾಚಿಕೊಂಡಿದೆ. ಚಕ್ರ ತಿರುಗಿಸುವ ಅಡ್ಡ ಶಾಫ್ಟುಗಳೇ ಚಕ್ರವನ್ನು ನೆಟ್ಟಗೆ ಹಿಡಿಯುವ ಮೇಲಿನ ತೋಳುಗಳೂ ಹೌದು. ಆದ್ದರಿಂದ ಅವುಗಳ ಕ್ರಾಸ್ ಜಾಯಿಂಟ್ ಮುರಿದರೆ ಕಾರು ಬರೀ ನಿಲ್ಲುವುದಿಲ್ಲ, ಚಕ್ರವೇ ವಾಲುತ್ತದೆ. ಶಾಫ್ಟನ್ನು ಕೈಯಲ್ಲಿ ಹಿಡಿದು ತಿರುಚಿ ನೋಡಿ, ಕಟಕಟ ಎಂದರೆ ಬದಲಾಯಿಸಿ. ಇದು ಮನೆಯಲ್ಲಿ ಆಗುವ ಕೆಲಸ.

ಚಕ್ರದ ಬೇರಿಂಗ್ ಮಾತ್ರ ಆಗದ ಕೆಲಸ. ಅದಕ್ಕೆ ಗ್ರೀಸ್ ಹೊಡೆಯುವ ಬಾಯಿಯೇ ಇಲ್ಲ. ಒಳಗಿನ ಬಿಡುವು 0.001ರಿಂದ 0.008 ಇಂಚಿನೊಳಗೆ ಬರುವಂತೆ ಶಿಮ್ ಎಂಬ ತೆಳುವಾದ ಲೋಹದ ಬಿಲ್ಲೆ ಹಾಕಿ ಹೊಂದಿಸಬೇಕು, ಬಿಚ್ಚಲು ಪ್ರೆಸ್ ಬೇಕು. ಸುತ್ತಿಗೆಯಲ್ಲಿ ಬಡಿದವರು ಸ್ಪಿಂಡಲಿನ ತುದಿಯನ್ನು ಅಣಬೆ ಮಾಡಿದ್ದಾರೆ. ಚಕ್ರವನ್ನು ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ; ಆಟ ಕಂಡರೆ ಬೇರಿಂಗ್ ಕೂತಿರುವ, ಚಕ್ರವನ್ನು ಚಾಸಿಗೆ ಹಿಡಿದಿಡುವ ಇಡೀ ತೋಳನ್ನು (ಟ್ರೇಲಿಂಗ್ ಆರ್ಮ್) ಬಿಚ್ಚಿ ಈ ಕೆಲಸವನ್ನೇ ಕಸುಬಾಗಿಸಿಕೊಂಡವರಿಗೆ ಕಳುಹಿಸಿ. ತೋಳು ಬಿಚ್ಚುವುದೂ ಸುಲಭವಲ್ಲ, ಅದರ ಮುಂದಿನ ಬೋಲ್ಟ್ ಬುಶ್ಶಿಗೆ ತುಕ್ಕಿನಿಂದ ಬೆಸೆದುಕೊಂಡಿರುತ್ತದೆ. ನಾನು ಎರಡು ದಿನ ಎಣ್ಣೆ, ಬೆಂಕಿ, ಬೈಗುಳ ಎಲ್ಲ ಪ್ರಯೋಗಿಸಿ ಕೊನೆಗೆ ವಿದ್ಯುತ್ ಗರಗಸದಿಂದ ಕೊಯ್ದೆ. ನೀವು ನೇರವಾಗಿ ಗರಗಸಕ್ಕೇ ಹೋಗಿ. ಆದರೆ ಮೊದಲು ಎರಡೂ ಬದಿಯ ಶಿಮ್‌ಗಳನ್ನು ಎಣಿಸಿ ಬರೆದುಕೊಳ್ಳಿ, ಚಕ್ರದ ದಿಕ್ಕನ್ನು ನಿರ್ಧರಿಸುವುದು ಅವೇ. ಕಮಾನು ಪಟ್ಟಿಯ ತುದಿಯ ಬೋಲ್ಟನ್ನು ಮಾತ್ರ ಕೆಳಗೆ ಜಾಕ್ ಕೊಡದೆ ಮುಟ್ಟಬೇಡಿ. ಆ ಪಟ್ಟಿ ಬಿಗಿದ ಬಿಲ್ಲು ಇದ್ದಂತೆ, ಕೈ ಮುರಿಯುತ್ತದೆ.

ಎಂಜಿನ್ನನ್ನು ಎಬ್ಬಿಸುವುದು

ವರ್ಷಗಟ್ಟಲೆ ನಿಂತ ಎಂಜಿನ್ನಿಗೆ ಬ್ಯಾಟರಿ ಕೊಟ್ಟು ಕೀಲಿ ತಿರುಗಿಸುವ ಆಸೆಯನ್ನು ಒಂದು ವಾರ ತಡೆದುಕೊಳ್ಳಿ. ಹಳೆಯ ಪೆಟ್ರೋಲ್ ಹೊರತೆಗೆಯಿರಿ. ವಾರ್ನಿಶ್ ವಾಸನೆ ಬಂದರೆ ಟ್ಯಾಂಕ್ ಇಳಿಸಿ ತೊಳೆಯಲೇಬೇಕು. ಇಂದಿನ ಪೆಟ್ರೋಲಿನಲ್ಲಿರುವ ಎಥನಾಲ್ ಹಳೆಯ ರಬ್ಬರನ್ನು ತಿನ್ನುತ್ತದೆ. ಟ್ಯಾಂಕಿನ ಬಳಿಯಿಂದ ಪಂಪಿನವರೆಗೆ ಇರುವ ಪ್ರತಿ ರಬ್ಬರ್ ತುಂಡನ್ನೂ ಎಥನಾಲ್ ತಡೆಯುವ ಹೋಸಿಗೆ ಬದಲಾಯಿಸಿ. ಕಾರಿನ ಮೈ ಫೈಬರ್ ಎಂಬುದು ನೆನಪಿರಲಿ, ಬೆಂಕಿ ಹತ್ತಿದರೆ ಮೈಯೇ ಉರಿಯುತ್ತದೆ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಲ್ಲಿ ಇರಲಿ.

ಆಮೇಲೆ ಎಂಟೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೆ ಒಂದೆರಡು ಚಮಚ ಎಣ್ಣೆ ಬಿಟ್ಟು ರಾತ್ರಿಯಿಡೀ ಬಿಡಿ. ಮರುದಿನ ಕ್ರ್ಯಾಂಕಿನ ಮುಂದಿನ ಬೋಲ್ಟಿಗೆ ಪಾನಾ ಹಾಕಿ ಕೈಯಿಂದ ಎರಡು ಸುತ್ತು ತಿರುಗಿಸಿ. ಸಿಕ್ಕಿಕೊಂಡರೆ ಬಲ ಹಾಕಬೇಡಿ, ಇನ್ನಷ್ಟು ಎಣ್ಣೆ, ಇನ್ನೊಂದು ರಾತ್ರಿ. ತಿರುಗಿದರೆ ಎಂಜಿನ್ ಆಯಿಲ್ ಮತ್ತು ಫಿಲ್ಟರ್ ಬದಲಾಯಿಸಿ. 350 ಕ್ಯೂಬಿಕ್ ಇಂಚಿನ ಈ ಎಂಜಿನ್ನಿಗೆ ಫಿಲ್ಟರ್ ಸೇರಿ ಐದು ಕ್ವಾರ್ಟ್, ಸುಮಾರು 4.7 ಲೀಟರ್. ಆಯಿಲ್ ಡಬ್ಬದಲ್ಲಿ ಸತು ಇರುವುದನ್ನು ಖಚಿತಪಡಿಸಿಕೊಳ್ಳಿ. ಇಂದಿನ ಕಾರುಗಳ ಆಯಿಲ್‌ಗಳಲ್ಲಿ ಅದರ ಪ್ರಮಾಣ ಇಳಿಸಿದ್ದಾರೆ, ಈ ಎಂಜಿನ್ನಿನ ಚಪ್ಪಟೆ ತಳದ ಟ್ಯಾಪೆಟ್‌ಗಳಿಗೋ ಅದಿಲ್ಲದೆ ಕ್ಯಾಮ್ ಸವೆಯುತ್ತದೆ. ಪ್ಲಗ್ ಇಲ್ಲದೆಯೇ ಸ್ಟಾರ್ಟರ್ ಸುತ್ತಿಸಿ, ಆಯಿಲ್ ಒತ್ತಡದ ಮುಳ್ಳು ಏಳುವವರೆಗೆ. ಬ್ಯಾಟರಿ ಎಲ್ಲಿ ಎಂದು ಬಾನೆಟ್ ಕೆಳಗೆ ಹುಡುಕಬೇಡಿ, ಅದು ಸೀಟಿನ ಹಿಂದಿನ ಪೆಟ್ಟಿಗೆಯಲ್ಲಿದೆ.

ಪ್ಲಗ್ ತಂತಿಗಳನ್ನು ಮತ್ತೆ ಹಾಕುವಾಗ ಕಿಡಿಯ ಕ್ರಮ 1-8-4-3-6-5-7-2. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ, ಒಂದನೆಯ ಸಿಲಿಂಡರ್ ಚಾಲಕನ ಬದಿಯ ಮುಂತುದಿಯದು. 1974ರವರೆಗಿನ ಕಾರಾದರೆ ಅದರೊಳಗೆ ಕಿಡಿಗಾಗಿ ವಿದ್ಯುತ್ತನ್ನು ಕಡಿದು ಜೋಡಿಸುವ ಪಾಯಿಂಟ್ ಇರುತ್ತದೆ. ಅದನ್ನು ಹೊಂದಿಸಲು ಮುಚ್ಚಳದಲ್ಲೇ ಸಣ್ಣ ಕಿಟಕಿ ಇಟ್ಟಿದ್ದಾರೆ, ಎಂಜಿನ್ ಓಡುತ್ತಿರುವಾಗಲೇ ಅಲ್ಲಿಂದ ಅಲೆನ್ ಕೀಲಿ ತೂರಿಸಿ ಡ್ವೆಲ್ಲನ್ನು, ಅಂದರೆ ಪಾಯಿಂಟ್ ಮುಚ್ಚಿರುವ ಕೋನವನ್ನು, 30 ಡಿಗ್ರಿಗೆ ತರಬಹುದು. ಅಂಬಾಸಿಡರಿನ ಪಾಯಿಂಟಿಗೆ ಮರಳು ಕಾಗದ ಉಜ್ಜಿದ ಕೈಗೆ ಇದು ದೊಡ್ಡ ಐಷಾರಾಮ. 1975ರಿಂದ ಪಾಯಿಂಟೇ ಇಲ್ಲ, ಎಲೆಕ್ಟ್ರಾನಿಕ್.

ಕಾರ್ಬ್ಯುರೇಟರ್ ರೋಚೆಸ್ಟರ್ ಕ್ವಾಡ್ರಾಜೆಟ್. ಮುಂದೆ ಎರಡು ಚಿಕ್ಕ ಬಾಯಿ, ಹಿಂದೆ ಎರಡು ದೊಡ್ಡ ಬಾಯಿ. ಇದನ್ನು ಬೈದು ಕಿತ್ತೆಸೆಯುವವರಿದ್ದಾರೆ. ನನ್ನ ಮಟ್ಟಿಗೆ ಇದು ಚೆನ್ನಾಗಿ ತೊಳೆದು ಹೊಸ ಗ್ಯಾಸ್ಕೆಟ್, ಫ್ಲೋಟ್ ಹಾಕಿದರೆ ಹೇಳಿದ ಮಾತು ಕೇಳುವ ಸಾಧನ. ಎರಡು ದಿನ ನಿಂತ ಮೇಲೆ ಸ್ಟಾರ್ಟ್ ಆಗಲು ಬಹಳ ಹೊತ್ತು ಸುತ್ತಬೇಕಾದರೆ, ಬಿಚ್ಚಿದಾಗ ತಳದ ಸಣ್ಣ ಬಿರಡೆಗಳನ್ನು ನೋಡಿ. ಅಲ್ಲಿಂದ ಪೆಟ್ರೋಲ್ ಜಿನುಗಿ ಬಟ್ಟಲು ಖಾಲಿಯಾಗಿರುತ್ತದೆ. ಎಪಾಕ್ಸಿ ಹಚ್ಚಿದರೆ ನಿಲ್ಲುತ್ತದೆ.

ಕಾರು ಬಿಸಿಯಾಗುತ್ತದೆ ಎಂಬ ದೂರಿಗೆ ಒಂದೇ ಮಾತು. ಈ ಕಾರು ಗಾಳಿಯನ್ನು ಬಹುಪಾಲು ಕೆಳಗಿನಿಂದ ತೆಗೆದುಕೊಳ್ಳುತ್ತದೆ. ಮುಂದಿನ ಕೆಳತುಟಿಯಂಥ ಪಟ್ಟಿ ಮುರಿದಿದ್ದರೆ, ರೇಡಿಯೇಟರ್ ಸುತ್ತಲಿನ ರಬ್ಬರ್ ಪಟ್ಟಿಗಳು ಉದುರಿದ್ದರೆ ಗಾಳಿ ರೇಡಿಯೇಟರಿನ ಪಕ್ಕದಿಂದ ನುಸುಳಿ ಹೋಗುತ್ತದೆ. ದುಬಾರಿ ರೇಡಿಯೇಟರ್ ಕೊಳ್ಳುವ ಮೊದಲು ಈ ಅಗ್ಗದ ಪಟ್ಟಿಗಳನ್ನು ಹಾಕಿ ನೋಡಿ.

ದೀಪಗಳು

ಸಿ3 ಕಾರ್ವೆಟ್‌ನ ಮುಂದಿನ ದೀಪಗಳು ಕಣ್ಣು ತೆರೆಯುವುದು ಮೋಟರಿನಿಂದಲ್ಲ, ಎಂಜಿನ್ನಿನ ಸೆಳೆತದ ಗಾಳಿಯಿಂದ, ಅಂದರೆ ವ್ಯಾಕ್ಯೂಮಿನಿಂದ. ಹತ್ತಾರು ರಬ್ಬರ್ ನಳಿಗೆಗಳು, ಒಂದು ಟ್ಯಾಂಕ್, ಕವಾಟಗಳು, ಪ್ರತಿ ದೀಪಕ್ಕೊಂದು ಡಬ್ಬಿ. ಎಲ್ಲೋ ಒಂದು ಕಡೆ ಬಿರುಕು ಬಿಟ್ಟರೆ ಒಂದು ಕಣ್ಣು ಮಾತ್ರ ತೆರೆದು ಕಾರು ಕಣ್ಣು ಮಿಟುಕಿಸುತ್ತದೆ. ಎಲ್ಲವನ್ನೂ ಬದಲಾಯಿಸುವ ಬದಲು ಕೈಪಂಪ್ ಒಂದನ್ನು ತಂದು, ವ್ಯವಸ್ಥೆಯನ್ನು ತುಂಡು ತುಂಡಾಗಿ ಪರೀಕ್ಷಿಸಿ. ನಳಿಗೆಯ ತುದಿ ಮುಚ್ಚಲು ಇಲ್ಲಿನವರು ಗಾಲ್ಫ್ ಚೆಂಡನ್ನು ಕೂರಿಸುವ ಮರದ ಮೊಳೆ ಬಳಸುತ್ತಾರೆ, ಅಳತೆ ಮಾಡಿಸಿದಂತೆ ಕೂರುತ್ತದೆ. ಸೆಳೆತ ಹಿಡಿದು ನಿಂತ ಭಾಗ ಸರಿ, ಮುಳ್ಳು ಇಳಿದ ಭಾಗ ತಪ್ಪಿತಸ್ಥ.

ಹಿಂದಿನ ದೀಪ, ಹಾರ್ನ್, ಗೇಜುಗಳ ತೊಂದರೆಗಳಲ್ಲಿ ಮುಕ್ಕಾಲು ಪಾಲು ಅರ್ಥಿಂಗಿನವು. ಉಕ್ಕಿನ ಕಾರಿನಲ್ಲಿ ಮೈಯೇ ಅರ್ಥ್. ಫೈಬರಿನಲ್ಲಿ ವಿದ್ಯುತ್ ಹರಿಯುವುದಿಲ್ಲ, ಆದ್ದರಿಂದ ಪ್ರತಿ ದೀಪಕ್ಕೂ ಚಾಸಿಗೋ ಪಂಜರಕ್ಕೋ ಹೋಗುವ ಪ್ರತ್ಯೇಕ ಕಪ್ಪು ತಂತಿ ಇದೆ. ಬ್ಯಾಟರಿಯ ಋಣ ತುದಿಯಿಂದ ಒಂದು ಉದ್ದ ತಂತಿ ಎಳೆದು ಕೆಟ್ಟ ದೀಪದ ಅರ್ಥ್‌ಗೆ ಮುಟ್ಟಿಸಿ. ಹೊತ್ತಿಕೊಂಡರೆ ಹೊಸ ಬಲ್ಬ್ ತರಬೇಡಿ, ಆ ತಂತಿಯ ತುದಿ ಉಜ್ಜಿ ಬಿಗಿಯಿರಿ.

ಮೈ: ಟಿಂಕರಿಂಗ್ ಇಲ್ಲ, ತುರಿಕೆ ಇದೆ

ಫೈಬರ್ ತಗ್ಗು ಬೀಳುವುದಿಲ್ಲ, ಸೀಳುತ್ತದೆ. ಹೆಚ್ಚಾಗಿ ಸೀಳುವುದು ಎರಡು ತುಂಡುಗಳು ಅಂಟಿಸಿದ ಜೋಡಿನ ಗೆರೆಯಲ್ಲಿ. ಅಲ್ಲಿ ಬರೀ ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಒಂದು ಚಳಿಗಾಲದಲ್ಲಿ ಗೆರೆ ಮತ್ತೆ ಮೇಲೆ ಬರುತ್ತದೆ. ಸರಿಯಾದ ದಾರಿ ಇದು: ಹಳೆಯ ಬಣ್ಣವನ್ನು ಬ್ಲೇಡಿನಿಂದ ಓರೆಯಾಗಿ, ತಾಳ್ಮೆಯಿಂದ ಕೆರೆಯಿರಿ. ಮರಳು ಹೊಡೆಸಬೇಡಿ, ಉಕ್ಕಿಗೆಂದು ಮಾರುವ ಬಣ್ಣ ತೆಗೆಯುವ ರಾಸಾಯನಿಕ ಹಾಕಬೇಡಿ. ಎರಡೂ ರಾಳವನ್ನು ಹಾಳುಮಾಡುತ್ತವೆ. ಸೀಳಿನ ಉದ್ದಕ್ಕೂ ವಿ ಆಕಾರದಲ್ಲಿ, ಎರಡೂ ಬದಿಗೆ ಒಂದೂವರೆ ಇಂಚು ಇಳಿಜಾರಾಗುವಂತೆ ಉಜ್ಜಿ, ಅಸಿಟೋನಿನಿಂದ ಒರೆಸಿ. ಗಾಜಿನ ನಾರಿನ ಚಾಪೆಯನ್ನು ಪಟ್ಟಿಗಳಾಗಿ ಕತ್ತರಿಸಿ, ಗಟ್ಟಿಕಾರಕ ಬೆರೆಸಿದ ರಾಳದಲ್ಲಿ ನೆನೆಸಿ ಪದರ ಪದರವಾಗಿ ಇಡಿ, ರೋಲರಿನಿಂದ ಗಾಳಿಗುಳ್ಳೆ ಒತ್ತಿ ಹೊರಗೆಡವಿ. ಗಟ್ಟಿಕಾರಕ ನೂರಕ್ಕೆ ಒಂದೆರಡು ಭಾಗ ಸಾಕು, ಹೆಚ್ಚಾದರೆ ಬಟ್ಟಲಲ್ಲೇ ಹೊಗೆಯಾಡುತ್ತದೆ. ಒಳಬದಿಯಿಂದಲೂ ಒಂದು ಪದರ ಕೊಡಿ. ಆಮೇಲೆ ಕೆಲವು ವಾರ ಬಿಸಿಲಿಗೆ ಬಿಟ್ಟು, ಕುಗ್ಗುವುದೆಲ್ಲ ಕುಗ್ಗಿದ ಮೇಲೆ ಪ್ರೈಮರ್.

ಇದರ ದೂಳು ಗಾಜಿನ ದೂಳು. ಮುಖಕ್ಕೆ ಒಳ್ಳೆಯ ಮಾಸ್ಕ್ ಇಲ್ಲದೆ ಉಜ್ಜಬೇಡಿ, ತೋಳು ಮುಚ್ಚುವ ಅಂಗಿ ಹಾಕಿ, ಮುಗಿದ ಮೇಲೆ ಮೊದಲು ತಣ್ಣೀರು ಸುರಿದುಕೊಳ್ಳಿ. ನಾನು ಮೊದಲ ದಿನ ಬಿಸಿನೀರು ಸ್ನಾನ ಮಾಡಿ ಎರಡು ರಾತ್ರಿ ನಿದ್ದೆಗೆಟ್ಟೆ. ಆ ಬಟ್ಟೆಯನ್ನು ಮನೆಯವರ ಬಟ್ಟೆಯೊಂದಿಗೆ ಒಗೆಯಲು ಹಾಕಿದ ದಿನದ ಮಾತನ್ನು ಇಲ್ಲಿ ಬರೆಯುವುದು ಬೇಡ. ಕೊನೆಯ ಬಣ್ಣವನ್ನು ಮಾತ್ರ ಫೈಬರ್ ಕೆಲಸ ಗೊತ್ತಿರುವ ಪೇಂಟರಿಗೆ ಬಿಟ್ಟೆ.

ಚಳಿಗಾಲ ಮತ್ತು ಮೊದಲ ಸವಾರಿ

ಮಿಶಿಗನ್ನಿನ ರಸ್ತೆಗಳಿಗೆ ನವೆಂಬರಿನಿಂದ ಉಪ್ಪು ಬೀಳುತ್ತದೆ, ಅಲ್ಲಿಂದ ಏಪ್ರಿಲ್‌ವರೆಗೆ ಕಾರು ಒಳಗೇ. ಟ್ಯಾಂಕ್ ತುಂಬಿಸಿ, ಪೆಟ್ರೋಲ್ ಕೆಡದಂತೆ ಸ್ಟೆಬಿಲೈಸರ್ ಬೆರೆಸಿ, ಐದಾರು ಮೈಲಿ ಓಡಿಸಿ ನಿಲ್ಲಿಸಿ. ಬ್ಯಾಟರಿ ಬಿಚ್ಚಿ ಸಣ್ಣ ಚಾರ್ಜರಿಗೆ ಹಾಕಿ. ಹೊಗೆ ಕೊಳವೆಯ ಬಾಯಿಗೆ ತಂತಿಬಲೆ ತುರುಕಿ. ಇಲಿಗೆ ಗಣಪತಿಯ ವಾಹನ ಎಂಬ ಗೌರವ ಇಲ್ಲಿ ಬೇಡ. ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡುವ ಅಭ್ಯಾಸ ಒಳ್ಳೆಯದಲ್ಲ. ಎಂಜಿನ್ ಪೂರ್ತಿ ಬಿಸಿಯಾಗದೆ ಒಳಗೆ ನೀರು ಹನಿಗಟ್ಟುತ್ತದೆ, ಅಷ್ಟೇ.

ವಸಂತದಲ್ಲಿ ಮೊದಲು ಹೊರಡುವ ದಿನ ಮನೆಯ ಮುಂದಿನ ಇಳಿಜಾರಿನಲ್ಲೇ ನಾಲ್ಕು ಸಲ ಬ್ರೇಕ್ ಒತ್ತಿ ನೋಡಿ. ಐವತ್ತು ಮೈಲಿ ಆದ ಮೇಲೆ ಚಕ್ರದ ನಟ್ಟುಗಳ ಬಿಗಿ ಮತ್ತೆ ಪರೀಕ್ಷಿಸಿ, ಕೆಳಗೆ ರಟ್ಟು ಹಾಸಿ ರಾತ್ರಿ ನಿಲ್ಲಿಸಿ. ಬೆಳಗ್ಗೆ ರಟ್ಟಿನ ಮೇಲೆ ಬಿದ್ದ ಹನಿ ಕಂದಾದರೆ ಎಂಜಿನ್ ಆಯಿಲ್, ಕೆಂಪಾದರೆ ಗೇರಿನ ಅಥವಾ ಪವರ್ ಸ್ಟಿಯರಿಂಗಿನದು, ಹಸಿರಾದರೆ ರೇಡಿಯೇಟರಿನದು. ನನ್ನ ರಟ್ಟಿನ ಮೇಲೆ ಮೂರೂ ಇದ್ದವು. ಫೋಟೊ ತೆಗೆದು ಮಾವನಿಗೆ ಕಳುಹಿಸಿದೆ. ಬ್ರೇಕ್ ಆಯಿಲ್ ಇಲ್ಲವಲ್ಲ, ಹಾಗಾದರೆ ಓಡಿಸು ಎಂದು ಉತ್ತರ ಬಂತು.